ಹೊದಿಕೆ ಹೊದ್ದ ದೋಣಿಯ ಗಾಯಗಳು

ಈ ವಾರ ಹೊದಿಕೆಯ ವಿಚಾರ ಎಂದು ಹೋದ ಅಂಕಣದಲ್ಲೇ ಹೇಳಿದ್ದೆ. ಜಾಲಹಳ್ಳಿಯಿಂದ ಮಲ್ಪೆಗೆ ಸ್ಕೀ ಬೋಟ್ ಎಳೆದೊಯ್ಯಲು ಹೊರಟಿರುವ ಓದುಗರೊಬ್ಬರು ಮೂರು ಅಂಗಡಿಗಳ ದರಪಟ್ಟಿ ಲಗತ್ತಿಸಿ, ಇವುಗಳಲ್ಲಿ ಯಾವ ಕವರ್ ಕೊಳ್ಳಲಿ ಎಂದು ಕೇಳಿದ್ದಾರೆ. ಯಾವುದೂ ಬೇಡ. ಹೊದಿಕೆ ಪಂಥದವರು ಮತ್ತೆ ನನ್ನ ಮೇಲೆ ಎಗರಿ ಬೀಳುತ್ತಾರೆಂದು ಗೊತ್ತು. ಬೀಳಲಿ.

ಅವರ ವಾದ ಹಳೆಯದು. ದೂಳು, ಹಕ್ಕಿ ಹಿಕ್ಕೆ, ಮುಂದಿನ ಲಾರಿಯಿಂದ ಸಿಡಿಯುವ ಜಲ್ಲಿ, ಎಲ್ಲಕ್ಕೂ ಮದ್ದು ಒಂದು ದಪ್ಪ ತಾಡಪಾಲು. ಮನೆ ಮುಂದೆ ನಿಂತ ದೋಣಿಗೆ ಈ ಮಾತು ಸರಿ, ಓಡುವ ದೋಣಿಗಲ್ಲ. ಫೈಬರ್ ದೋಣಿಯ ಹೊಳಪೆಲ್ಲ ಇರುವುದು ಜೆಲ್‌ಕೋಟ್ ಎಂಬ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪದರದಲ್ಲಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಡಿಲ ಬಟ್ಟೆ ಅದರ ಮೇಲೆ ಪಟಪಟ ಬಡಿಯುತ್ತದೆ. ಒಳಗೆ ಸೇರಿಕೊಂಡ ದೂಳು ದಾರಿಯುದ್ದಕ್ಕೂ ಉಜ್ಜುತ್ತಲೇ ಇರುತ್ತದೆ. ಹಾಸನ ಮುಟ್ಟುವ ಹೊತ್ತಿಗೆ ಅಂಚುಗಳಲ್ಲಿ, ಮೂಲೆಗಳಲ್ಲಿ ಬಣ್ಣ ಮಾಸಿರುತ್ತದೆ. ಆಮೇಲೆ ಪಾಲಿಷ್ ಹಾಕಿಸಬೇಕು, ಪಾಲಿಷ್ ಎಂದರೆ ಆ ಅರ್ಧ ಮಿಲಿಮೀಟರಿನಲ್ಲಿ ಇನ್ನಷ್ಟನ್ನು ಕಳೆದುಕೊಳ್ಳುವುದು. ದುಡ್ಡು ಕೊಟ್ಟು ಹೊದಿಸಿದ ಕವರು ಮಾಡುವ ಉಪಕಾರ ಇದು.

ಹೊದಿಸಲೇಬೇಕು ಎನ್ನುವ ಹಟವಿದ್ದರೆ ಒಂದು ಬೆಳಿಗ್ಗೆ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿ, ಲೋಡಿಗೆ ತಾಡಪಾಲು ಬಿಗಿಯುವ ಲಾರಿ ಕ್ಲೀನರ್‌ಗಳ ಕೈ ನೋಡಿ. ಹಗ್ಗ ಎಳೆದು ಮುಗಿಸಿದಾಗ ತಾಡಪಾಲು ಬೆಂಕಿಗೆ ಕಾಯಿಸಿದ ತಮಟೆಯಂತೆ ನಿಂತಿರುತ್ತದೆ, ಬೆರಳಲ್ಲಿ ಚಿವುಟಲೂ ಸಿಗುವುದಿಲ್ಲ. ಅಷ್ಟು ಬಿಗಿ ನಿಮ್ಮಿಂದ ಸಾಧ್ಯವಾದರೆ ಹೊದಿಸಿ. ಆಗದಿದ್ದರೆ ಕುಶನ್‌ಗಳನ್ನು ಕಾರಿನೊಳಗೆ ಹಾಕಿ, ಡ್ರೈನ್ ಪ್ಲಗ್ ತೆಗೆದು, ದೋಣಿಯನ್ನು ಬರಿಮೈಯಲ್ಲೇ ಕರೆದೊಯ್ಯಿರಿ. ಮಳೆ ಬಂದರೆ ನೀರು ತಾನೇ ಇಳಿದುಹೋಗುತ್ತದೆ.

ಇನ್ನು ಜಲ್ಲಿ. ದೋಣಿಯ ಮೂತಿಗೆ ಕಲ್ಲು ಹೊಡೆಯುವುದು ಹೆಚ್ಚಾಗಿ ಮುಂದಿನ ಲಾರಿಯಲ್ಲ, ನಮ್ಮದೇ ಕಾರಿನ ಹಿಂದಿನ ಚಕ್ರ. ಕಾರಿಗೆ ಅಗಲವಾದ ರಬ್ಬರ್ ಮಡ್‌ಫ್ಲ್ಯಾಪ್ ಕಟ್ಟಿಸಿ, ಮೂತಿಯ ಕೆಳಭಾಗಕ್ಕೆ ಪಾರದರ್ಶಕ ಫಿಲ್ಮ್ ಅಂಟಿಸಿದರೆ ಆ ಅಧ್ಯಾಯ ಮುಗಿಯಿತು. ಕವರಿಗೆ ತೆಗೆದಿಟ್ಟ ದುಡ್ಡಿನಲ್ಲಿ ಇನ್ನೂ ಮಿಗುತ್ತದೆ. ಅದನ್ನು ಟ್ರೇಲರಿಗೆ ಸುರಿಯಿರಿ.

ಬೆಂಗಳೂರಿನ ದೋಣಿಗಾರನಿಗೆ ಟ್ರೇಲರೇ ಅರ್ಧ ಹವ್ಯಾಸ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ನದಿಯಿಲ್ಲದ ಊರಲ್ಲಿ ಕೂತಿದ್ದೇವೆ. ಹಲಸೂರು ಕೆರೆಯ ಹಾಯಿದೋಣಿಗಳು ಸೇನೆಯವರ ಪಾಲು. ನಮಗುಳಿದದ್ದು ದೂರದ ನೀರು: ಮೈಸೂರಿನಾಚೆಯ ವರುಣಾ ಕೆರೆ, ಶರಾವತಿಯ ಹಿನ್ನೀರು, ಇಲ್ಲವೇ ಕಡಲು. ಹಂಪಿಯ ಹರಿಗೋಲಿನವರೇ ಪುಣ್ಯವಂತರು, ದೋಣಿಯನ್ನು ಮಗುಚಿ ಬೆನ್ನಿಗೇರಿಸಿಕೊಂಡು ನಡೆದುಬಿಡುತ್ತಾರೆ. ಅವರಿಗೆ ಬೇರಿಂಗಿನ ಗೊಡವೆಯಿಲ್ಲ.

ನಮಗಿದೆ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು ಎಂಬುದನ್ನು ಹಳಬರಿಗೆ ಮತ್ತೆ ಹೇಳುವುದಿಲ್ಲ. ಆದರೆ ಹಳಬರೂ ಮರೆಯುವ ಸಂಗತಿಯೊಂದಿದೆ. ಶಿರಾಡಿ ಘಾಟಿ ಇಳಿದು ಮಲ್ಪೆ ತಲುಪುವಾಗ ಚಕ್ರದ ಹಬ್ ಕಾದಿರುತ್ತದೆ. ಉತ್ಸಾಹದಲ್ಲಿ ಟ್ರೇಲರನ್ನು ಸೀದಾ ನೀರಿಗೆ ಇಳಿಸುತ್ತೇವೆ. ಕಾದ ಹಬ್ ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ, ಅದೂ ಉಪ್ಪುನೀರನ್ನು. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿತೆಂದರೆ ಬೇರಿಂಗಿಗೆ ತುಕ್ಕು ಹಿಡಿಯಲು ಶುರುವಾಯಿತೆಂದೇ ಲೆಕ್ಕ. ಹಬ್ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಆರುವವರೆಗೆ ದಡದಲ್ಲಿ ಕೂತು ಚಹಾ ಕುಡಿಯಿರಿ. ಎತ್ತಿನ ಬಂಡಿಯವರು ಕೀಲೆಣ್ಣೆಯ ಗೊಟ್ಟವಿಲ್ಲದೆ ಊರು ಬಿಡುತ್ತಿರಲಿಲ್ಲ, ನಾವು ಗ್ರೀಸ್ ಗನ್ ಇಲ್ಲದೆ ರಾಜ್ಯ ದಾಟುತ್ತೇವೆ. 1953ರಲ್ಲಿ ಎಚ್‌ಎಂಟಿ ಶುರುವಾದ ಊರು ನಮ್ಮದು. ಬೇರಿಂಗನ್ನು ಬೆರಳಲ್ಲಿ ತಿರುಗಿಸಿ, ಸದ್ದಿನಿಂದಲೇ ಆಯಸ್ಸು ಹೇಳಬಲ್ಲ ನಿವೃತ್ತ ಫಿಟ್ಟರ್‌ಗಳು ಈಗಲೂ ಇಲ್ಲಿದ್ದಾರೆ. ಹೊರಡುವ ಮುನ್ನ ಒಬ್ಬರಿಗಾದರೂ ತೋರಿಸಿ.

ಬೆಲ್ಟಿನ ಮಾತು ಚುಟುಕಾಗಿ: ಹಿಂದೆ ಎರಡು, ಮುಂದೆ ವಿಂಚ್ ಅಲ್ಲದೆ ಇನ್ನೊಂದು. ದೋಣಿಯ ಅಂಚಿಗೆ ತಾಗುವಲ್ಲಿ ಹಳೆ ಸೈಕಲ್ ಟ್ಯೂಬು ಸುತ್ತಿ. ಬೆಲ್ಟನ್ನು ಒಂದು ಸಲ ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್‌ಗುಡುವುದಿಲ್ಲ.

ಕೊಂಡಿಯ ಕೆಳಗಿನ ಸರಪಳಿಯ ಮಾತು ಬಂದಾಗಲೆಲ್ಲ ನನಗೆ ಜೆರೋಮ್ ಕೆ. ಜೆರೋಮ್ ನೆನಪಾಗುತ್ತಾನೆ. 1889ರ ‘ತ್ರೀ ಮೆನ್ ಇನ್ ಎ ಬೋಟ್’ ಪುಸ್ತಕದಲ್ಲಿ ದೋಣಿ ಎಳೆಯುವ ಹಗ್ಗದ ಬಗ್ಗೆಯೇ ಪುಟಗಟ್ಟಲೆ ಇದೆ. ಅದರಲ್ಲೊಂದು ಪ್ರಸಂಗ: ಥೇಮ್ಸ್ ದಡದಲ್ಲಿ ಹುಡುಗ ಹುಡುಗಿ ಮಾತಿನಲ್ಲಿ ಮೈಮರೆತು ಹಗ್ಗ ಎಳೆದುಕೊಂಡು ನಡೆಯುತ್ತಿದ್ದಾರೆ. ಹಗ್ಗದ ಇನ್ನೊಂದು ತುದಿಯಲ್ಲಿ ದೋಣಿಯೇ ಇಲ್ಲ, ಎಲ್ಲೋ ಕಳಚಿಕೊಂಡಿದೆ. ಇದನ್ನು ಕಂಡ ಕಥೆಯ ಜಾರ್ಜ್ ಮತ್ತವನ ಗೆಳೆಯರು ಸದ್ದಿಲ್ಲದೆ ಆ ತುದಿಯನ್ನು ತಮ್ಮ ಭಾರದ ದೋಣಿಗೆ ಬಿಗಿದು, ಪೈಪು ಹಚ್ಚಿ ಕೂರುತ್ತಾರೆ. ಜೋಡಿ ಇವರನ್ನು ಮಾರ್ಲೋವರೆಗೆ ಎಳೆದು ತರುತ್ತದೆ. ತಿರುಗಿ ನೋಡಿದರೆ ಅಪರಿಚಿತರು! ತಮ್ಮ ದೋಣಿಯಲ್ಲಿದ್ದ ಚಿಕ್ಕಮ್ಮನ ಗತಿಯೇನು ಎಂಬ ಗಾಬರಿ ಆಗ ಹುಡುಗಿಗೆ ಹತ್ತುತ್ತದೆ. ನಗು ಬರುವುದು ಥೇಮ್ಸ್ ನದಿಯಲ್ಲಿ ಮಾತ್ರ. ಹೆದ್ದಾರಿಯಲ್ಲಿ ಕೊಂಡಿ ಕಳಚಿದರೆ ಆ ಚಿಕ್ಕಮ್ಮನ ಜಾಗದಲ್ಲಿರುವುದು ನಮ್ಮ ಹಿಂದೆ ಬರುತ್ತಿರುವ ಬೈಕಿನವನು. ಎರಡು ಸರಪಳಿಯನ್ನು ಕತ್ತರಿಯಾಕಾರದಲ್ಲಿ ದಾಟಿಸಿ ಕಟ್ಟಿ.

ಇಷ್ಟೆಲ್ಲ ಮಾಡಿದ ದೋಣಿಯನ್ನೂ ಕೊಲ್ಲುವುದು ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಇದಕ್ಕೆ ಅಳತೆ ಬರೆದಿಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ್ದು. ಆ ಅಳತೆಯ ಹಂಪ್ ಮೇಲೆ ದೋಣಿ ತೇಲಿದಂತೆ ಹೋಗುತ್ತದೆ. ನಮ್ಮ ಊರೂರಿನ ಹಂಪ್ ಮೊಳ ಅಗಲ, ಗೇಣು ಎತ್ತರ, ಬಣ್ಣವಿಲ್ಲ, ಫಲಕವಿಲ್ಲ. ಕಾರಿನ ಹಿಂಚಕ್ರ ಇಳಿದ ಕೂಡಲೇ ಕಾಲು ಅಭ್ಯಾಸಬಲದಿಂದ ಆಕ್ಸಿಲರೇಟರ್ ಒತ್ತುತ್ತದೆ. ಟ್ರೇಲರ್ ಇನ್ನೂ ಹಂಪಿನ ಆಚೆಗಿದೆ! ಕಾರಿಗಿಂತ ಹೆಚ್ಚು ವೇಗದಲ್ಲಿ ಪೆಟ್ಟು ತಿನ್ನುವುದು ದೋಣಿ. ಅದು ಎಗರಿ ತನ್ನ ಆಸರೆಯ ಹಲಗೆಗಳ ಮೇಲೇ ಕುಕ್ಕರಿಸುತ್ತದೆ. ಸ್ಕೀ ಬೋಟಿನ ತಳದಲ್ಲಿರುವ ಪ್ರೊಪೆಲ್ಲರ್, ಚುಕ್ಕಾಣಿ, ಫಿನ್ ಯಾವುದೂ ಈ ಪೆಟ್ಟಿಗೆ ಮಾಡಿದವಲ್ಲ. ಯಾವ ಕಂಪನಿಯ ಕವರೂ ಇದನ್ನು ತಡೆಯಲಾರದು.

ಮಲ್ಪೆ ದಾರಿಯಲ್ಲಾಗಲಿ ಶಿವಮೊಗ್ಗ ದಾರಿಯಲ್ಲಾಗಲಿ ಬಣ್ಣ ಬಳಿಯದ ಹಂಪ್ ಕಂಡವರು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದು ಪತ್ರಿಕೆಗೆ ಕಳಿಸಿ. ಪಟ್ಟಿಯನ್ನು ಇಲ್ಲೇ ಅಚ್ಚು ಹಾಕಿಸುತ್ತೇನೆ. ಕವರಿನ ದರಪಟ್ಟಿ ಮಾತ್ರ ದಯವಿಟ್ಟು ಕಳಿಸಬೇಡಿ.