ಗಂಟೆಯೊಳಗಿನ ಕಂಠ

ಗಣಕಯಂತ್ರದ ಸಂಗೀತವೆಂದರೆ ನಮ್ಮ ರಸಿಕರು ಮುಖ ಸಿಂಡರಿಸುತ್ತಾರೆ. ಮೀಟುವ ಬೆರಳಿಲ್ಲ, ಊದುವ ಉಸಿರಿಲ್ಲ. ಜೀವ ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಜಾನ್ ಚೌನಿಂಗ್ ಅವರು 1981ರಲ್ಲಿ ಮುಗಿಸಿದ ‘ಫೋನೇ’ ಎಂಬ ಕೃತಿಯನ್ನು ಕೇಳುವವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಕಂಠಧ್ವನಿ ಎಂದರ್ಥ.

ಚೌನಿಂಗ್ ಯಂತ್ರಶಾಸ್ತ್ರಜ್ಞರಲ್ಲ. ತಾಳವಾದ್ಯ ನುಡಿಸಿದವರು, ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆ ಅವರಲ್ಲಿ ಸಂಗೀತರಚನೆ ಕಲಿತವರು. ಬೆಲ್ ಪ್ರಯೋಗಾಲಯದಲ್ಲಿ 1957ರಲ್ಲೇ ಗಣಕಯಂತ್ರದಿಂದ ಸ್ವರ ಹೊರಡಿಸಿದ್ದ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಲೇಖನವೊಂದನ್ನು 1964ರಲ್ಲಿ ಓದಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಗೆ ಕೈಹಾಕಿದರು. ವಾದ್ಯವೃಂದದಲ್ಲಿ ಟ್ಯೂಬಾ ಊದುತ್ತಿದ್ದ ಒಬ್ಬ ವಿದ್ಯಾರ್ಥಿ ಅವರಿಗೆ ಯಂತ್ರದ ಗುಟ್ಟು ತಿಳಿಸಿಕೊಟ್ಟನಂತೆ. (ನಮ್ಮ ಕಾಲೇಜುಗಳಲ್ಲಿ ಸಂಗೀತದವರೂ ಗಣಿತದವರೂ ಸೇರುವುದು ಫೋಟೋ ತೆಗೆಸಿಕೊಳ್ಳುವ ದಿನ ಮಾತ್ರ.)

1967ರಲ್ಲಿ ಅವರೊಂದು ಆಟ ಆಡಿದರು. ಗಾಯಕನ ಸ್ವರ ಸೆಕೆಂಡಿಗೆ ಐದಾರು ಬಾರಿ ಮೃದುವಾಗಿ ಅಲುಗುತ್ತದೆಯಲ್ಲ, ಆ ಕಂಪನವನ್ನು ಯಂತ್ರದಲ್ಲಿ ಬೇಕೆಂದೇ ನೂರಾರಕ್ಕೆ ಏರಿಸಿದರು. ಅದರ ಅಗಲವನ್ನೂ ಹಿಗ್ಗಿಸಿದರು. ಅಲುಗಾಟ ಮಾಯವಾಗಿ ಸ್ವರದ ಬಣ್ಣವೇ ಬದಲಾಯಿತು! ಅದರ ಗಣಿತ ರೇಡಿಯೋದವರಿಗೆ ಮೊದಲೇ ಗೊತ್ತಿತ್ತು. ಅದನ್ನು ಸಂಗೀತವಾಗಿ ಕೇಳಿದ್ದು ಈ ಕಿವಿ. 1973ರಲ್ಲಿ ಪ್ರಬಂಧ ಹೊರಬಂತು. ವಿಶ್ವವಿದ್ಯಾಲಯ ಹಕ್ಕನ್ನು ಯಮಾಹ ಸಂಸ್ಥೆಗೆ ಕೊಟ್ಟಿತು. 1983ರ ಡಿಎಕ್ಸ್-7 ವಾದ್ಯದ ಮೂಲಕ ಆ ನಾದ ಲೋಕವನ್ನೆಲ್ಲ ಸುತ್ತಿತು. ಅದು ವ್ಯಾಪಾರದ ಕಥೆ.

ನನ್ನನ್ನು ಹಿಡಿದದ್ದು ಇನ್ನೊಂದು ಪ್ರಯೋಗ. ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ ಚೌನಿಂಗ್ ಹಾಡುವ ಹೆಣ್ಣುಕಂಠವನ್ನು ಲೆಕ್ಕದಿಂದ ಕಟ್ಟಲು ಹೊರಟರು. ಒಂದು ಸ್ವರದೊಳಗೆ ಅಡಗಿರುವ ಉಪಸ್ವರಗಳನ್ನೆಲ್ಲ ತೂಕ ತಪ್ಪದೆ ಜೋಡಿಸಿದರೂ ಕಂಠ ಕೇಳಿಸಲಿಲ್ಲ. ಆ ಉಪಸ್ವರಗಳೆಲ್ಲಕ್ಕೂ ಒಂದೇ ಕಂಪನವನ್ನು, ಅದೂ ಕೊಂಚ ಅಂಕೆ ತಪ್ಪಿದ ಕಂಪನವನ್ನು, ಒಟ್ಟಿಗೆ ಕೊಟ್ಟರು. ಕೂಡಲೇ ಹೆಣ್ಣೊಬ್ಬಳು ಹಾಡತೊಡಗಿದಳು. ಒಟ್ಟಿಗೆ ಅಲುಗಿದ್ದನ್ನು ಕಿವಿ ಒಂದೇ ಒಡಲೆಂದು ನಂಬುತ್ತದೆ. ಗಮಕವಿಲ್ಲದ ಸ್ವರವನ್ನು ಬೋಳು ಎನ್ನುವ ನಾವು ಇದಕ್ಕೆ ಬೆರಗಾಗಬೇಕಾಗಿಲ್ಲ. ಆದರೂ ನಾನು ಬೆರಗಾದೆ.

‘ಫೋನೇ’ ಈ ಬೆರಗಿನಿಂದಲೇ ಬೆಳೆದ ಕೃತಿ. ಗಂಟೆಯ ನಾದ ತೇಲಿಬರುತ್ತದೆ. ಅದರೊಳಗೆ ಕಂಪನ ಹೊಕ್ಕೊಡನೆ ಗಂಟೆ ಕಂಠವಾಗುತ್ತದೆ. ಯಾವ ಮನುಷ್ಯನ ಎದೆಗೂ ನಿಲುಕದ ಮಂದ್ರದಲ್ಲಿಯೂ ಒಂದು ದನಿ ಹಾಡುತ್ತದೆ. ವ್ಯಂಗ್ಯಾರ್ಥವನ್ನು ಗಂಟೆಯ ಅನುರಣನಕ್ಕೆ ಹೋಲಿಸಿದ ನಮ್ಮ ಆಲಂಕಾರಿಕರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ! ಇದೇ ಕರ್ತೃವಿನ ‘ಸ್ಟ್ರಿಯಾ’ (1977) ಇದಕ್ಕಿಂತ ಬಿಗಿಯಾದ ಕಟ್ಟಡ. ಅಷ್ಟಮಸ್ವರದ ಇಮ್ಮಡಿಯ ಬದಲು 1.618ರ ಸುವರ್ಣ ಅನುಪಾತದ ಮೇಲೆ ನಿಂತದ್ದು. ಅದಕ್ಕೆ ತಲೆಬಾಗಬಹುದು, ಮನಸ್ಸು ಕರಗುವುದಿಲ್ಲ. ‘ಫೋನೇ’ಯಲ್ಲೂ ದೋಷವಿಲ್ಲದಿಲ್ಲ. ರೂಪಾಂತರದ ಚಮತ್ಕಾರ ಮತ್ತೆ ಮತ್ತೆ ಮರಳಿದಾಗ ಪ್ರಯೋಗಾಲಯದ ಬಾಗಿಲು ಕಾಣುತ್ತದೆ. ಕೇಳುವವನು ಹಾಡನ್ನು ಬಿಟ್ಟು ಮುಂದಿನ ಚಮತ್ಕಾರಕ್ಕೆ ಕಾಯುತ್ತಾನೆ. ಬರಿಯ ಸ್ವರಾಕ್ಷರಗಳು, ಮಾತಿಲ್ಲ. ಸಾಹಿತ್ಯದವನಾದ ನನಗೆ ಅದೂ ಒಂದು ಕೊರತೆಯೆನಿಸಿತು.

ಆದರೆ ಮೊನ್ನೆ ಸಂಜೆ ಅದನ್ನು ಹಾಕಿಕೊಂಡು ಕುಳಿತಿದ್ದಾಗ, ಒಳಮನೆಯಿಂದ ನಮ್ಮ ತಾಯಿ “ಯಾರಪ್ಪ ಹಾಡ್ತಿರೋದು, ಚೆನ್ನಾಗಿದೆ ಶಾರೀರ” ಎಂದರು. ಉತ್ತರ ಕೊಡಲು ನನಗೆ ತುಸು ಹೊತ್ತು ಹಿಡಿಯಿತು.