ಸಂಶೋಧನ ಶಿಕ್ಷಣದಲ್ಲಿ ಮೂಲಪ್ರತಿಯ ಸ್ಥಾನ

ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯನ್ನು ಕೈಗೊಳ್ಳುವ ವಿದ್ಯಾರ್ಥಿಗೆ ಸಂಶೋಧನೆಯ ವಿಧಾನವನ್ನೂ ಬರಹದ ಕ್ರಮವನ್ನೂ ಕಲಿಸಬೇಕೆಂಬುದು ಇಂದು ಕೇವಲ ಸದಾಶಯವಾಗಿ ಉಳಿದಿಲ್ಲ. ಅದು ನಿಯಮವೇ ಆಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರ ನಿಯಮಾವಳಿಯಲ್ಲಿ ಪಿಎಚ್.ಡಿ. ಅಭ್ಯರ್ಥಿಗಳಿಗೆ ಸಂಶೋಧನ ವಿಧಾನವನ್ನು ಒಳಗೊಂಡ ಪೂರ್ವಭಾವಿ ವ್ಯಾಸಂಗವನ್ನು ಕಡ್ಡಾಯಗೊಳಿಸಿತು. 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಗಳು ಬಂದವು. 2019ರ ಕೊನೆಯಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯನ್ನು ಕುರಿತ ಎರಡು ಕ್ರೆಡಿಟ್‌ಗಳ, 30 ಗಂಟೆಗಳ ಒಂದು ಪಾಠಕ್ರಮವನ್ನು ಗೊತ್ತುಪಡಿಸಲಾಯಿತು. 2022ರ ನಿಯಮಾವಳಿಯಂತೆ ಈ ಪಾಠಕ್ರಮವೂ ಸೇರಿ ಕನಿಷ್ಠ 12 ಕ್ರೆಡಿಟ್‌ಗಳ ವ್ಯಾಸಂಗವನ್ನು ಮುಗಿಸದೆ ಯಾರೂ ಮಹಾಪ್ರಬಂಧವನ್ನು ಒಪ್ಪಿಸುವಂತಿಲ್ಲ. ಕಲಿಸಬೇಕೆ ಬೇಡವೆ ಎಂಬ ಪ್ರಶ್ನೆ ಇದರಿಂದ ತೀರಿತು. ಕಲಿಸುತ್ತಿರುವುದೇನು, ಅದರಿಂದ ಪ್ರಾಕೃತ ಮತ್ತು ಕನ್ನಡ ಜೈನ ವಾಙ್ಮಯದ ಅಧ್ಯಯನಕ್ಕೆ ಆಗುವ ಪ್ರಯೋಜನವೆಷ್ಟು ಎಂಬುದು ಮಾತ್ರ ವಿಚಾರಾರ್ಹವಾಗಿ ಉಳಿದಿದೆ.

ಆ 30 ಗಂಟೆಗಳ ಪಾಠಕ್ರಮದಲ್ಲಿ ಆರು ಘಟಕಗಳಿವೆ. ತತ್ತ್ವ ಮತ್ತು ನೀತಿ, ವೈಜ್ಞಾನಿಕ ನಡವಳಿಕೆ, ಪ್ರಕಟಣೆಯ ನೀತಿ, ಮುಕ್ತ ಪ್ರಕಟಣೆ, ಪ್ರಕಟಣೆಯಲ್ಲಿನ ಅಕ್ರಮಗಳು, ದತ್ತಸಂಚಯ ಮತ್ತು ಸಂಶೋಧನೆಯ ಮಾಪನ—ಇವು ಅದರ ವಿಷಯಗಳು. ಇವುಗಳಲ್ಲಿ ಅನಾವಶ್ಯಕವಾದುದು ಒಂದೂ ಇಲ್ಲ. ಪರರ ಮಾತನ್ನು ತನ್ನದೆಂದು ಹೇಳಬಾರದೆಂಬ ನೀತಿಯನ್ನು ಅಚೌರ್ಯವ್ರತವನ್ನು ಬೋಧಿಸುವ ಸಂಪ್ರದಾಯದವರು ಆಕ್ಷೇಪಿಸುವಂತೆಯೂ ಇಲ್ಲ. ಆದರೆ ಆರು ಘಟಕಗಳಲ್ಲಿ ಒಂದಾದರೂ ವಿದ್ಯಾರ್ಥಿಯನ್ನು ಆಕರದ ಮುಂದೆ ಕೂರಿಸಿ, ಅದನ್ನು ಓದುವುದು ಹೇಗೆ, ಓದಿದುದನ್ನು ವರದಿ ಮಾಡುವುದು ಹೇಗೆ ಎಂಬುದನ್ನು ಕಲಿಸುವುದಿಲ್ಲ. 2018ರ ನಿಯಮದಂತೆ ಶೇಕಡಾ 10ರವರೆಗಿನ ಸಾದೃಶ್ಯಕ್ಕೆ ದಂಡವಿಲ್ಲ. ಅದನ್ನು ಮೀರಿದರೆ ದೋಷದ ಮಟ್ಟಗಳು ಆರಂಭವಾಗುತ್ತವೆ. ಸಾದೃಶ್ಯವನ್ನು ಎಣಿಸುವ ಯಂತ್ರವು ಪದಕ್ಕೆ ಪದವನ್ನು ಹೋಲಿಸಬಲ್ಲುದು. ಬರಹಗಾರನು ತಾನು ಕಾಣದ ಓಲೆಗರಿಯನ್ನು ಕಂಡಂತೆ ಉಲ್ಲೇಖಿಸಿದ್ದಾನೆಯೆ, ಪೂರ್ವದ ವಿದ್ವಾಂಸರು ಊಹೆಯೆಂದು ಹೇಳಿದುದನ್ನು ಸಿದ್ಧಾಂತವೆಂದು ಬರೆದಿದ್ದಾನೆಯೆ ಎಂಬುದು ಅದಕ್ಕೆ ಗೋಚರಿಸದು. ಸಾದೃಶ್ಯವೇ ಇಲ್ಲದ, ಆದರೆ ಸತ್ಯವೂ ಇಲ್ಲದ ಪ್ರಬಂಧವು ಆ ಪರೀಕ್ಷೆಯಲ್ಲಿ ನಿರಾಯಾಸವಾಗಿ ಉತ್ತೀರ್ಣವಾಗಬಲ್ಲುದು.

ಇದಕ್ಕೆ ಕನ್ನಡದಲ್ಲಿಯೇ ಸುಪರಿಚಿತವಾದ ನಿದರ್ಶನವೊಂದಿದೆ. ಹತ್ತೊಂಬತ್ತು ಕಥೆಗಳ 'ವಡ್ಡಾರಾಧನೆ'ಯ ಹೆಸರು, ಕರ್ತೃ, ಕಾಲ—ಈ ಮೂರೂ ಚರ್ಚಾಸ್ಪದ ವಿಷಯಗಳು. 1943ರಲ್ಲಿ ಪ್ರಕಟವಾದ ಹರಿಷೇಣನ 'ಬೃಹತ್ಕಥಾಕೋಶ'ದ ವಿಸ್ತೃತ ಪ್ರಸ್ತಾವನೆಯಲ್ಲಿ ಡಾ. ಆ. ನೇ. ಉಪಾಧ್ಯೆಯವರು ಈ ಪ್ರಶ್ನೆಗಳನ್ನು ಪರಿಶೀಲಿಸಿದರು. 1949ರಲ್ಲಿ ಪ್ರೊ. ಡಿ. ಎಲ್. ನರಸಿಂಹಾಚಾರ್ಯರು ಗ್ರಂಥವನ್ನು ಸಂಪಾದಿಸಿ ಹೊರತಂದರು. ರಾಮಚಂದ್ರ ಮುಮುಕ್ಷುವಿನ 'ಪುಣ್ಯಾಸ್ರವ ಕಥಾಕೋಶ'ದಲ್ಲಿ ಬರುವ ಭ್ರಾಜಿಷ್ಣುವಿನ ಆರಾಧನಾ ಕರ್ಣಾಟಟೀಕೆಯ ಉಲ್ಲೇಖದಿಂದ ಕರ್ತೃತ್ವದ ಚರ್ಚೆಯು ಮತ್ತೊಂದು ದಾರಿಯನ್ನು ಹಿಡಿಯಿತು. ಇಷ್ಟಾದರೂ 'ಶಿವಕೋಟ್ಯಾಚಾರ್ಯನು ರಚಿಸಿದ ವಡ್ಡಾರಾಧನೆ' ಎಂಬ ಮಾತು ಯಾವ ಸಂದೇಹದ ಗುರುತೂ ಇಲ್ಲದೆ ಒಂದು ಬರಹದಿಂದ ಮತ್ತೊಂದು ಬರಹಕ್ಕೆ ಸಾಗುವುದುಂಟು. ಮೊದಲನೆಯ ವಿದ್ವಾಂಸನು 'ಇರಬಹುದು' ಎಂದುದು ಎರಡನೆಯವನಲ್ಲಿ 'ಇದೆ' ಎಂದಾಗಿ, ಮೂರನೆಯವನಲ್ಲಿ 'ಸುಪ್ರಸಿದ್ಧವಾಗಿದೆ' ಎಂದಾಗುತ್ತದೆ. ಇದು ಕೃತಿಚೌರ್ಯವಲ್ಲ, ಪ್ರತಿಯೊಬ್ಬರೂ ಅಡಿಟಿಪ್ಪಣಿಯನ್ನು ಯಥಾಕ್ರಮವಾಗಿ ಕೊಟ್ಟಿರಬಹುದು. ಓಲೆಯನ್ನು ಓದುವವರು ಮಾತ್ರ ಈ ದೋಷವನ್ನು ಕೂಡಲೇ ಗುರುತಿಸಬಲ್ಲರು. ಲಿಪಿಕಾರನ ಸ್ಖಾಲಿತ್ಯವು ಪ್ರತಿಯಿಂದ ಪ್ರತಿಗೆ ಇಳಿಯುವ ಬಗೆಯೂ ಇದೇ ಆಗಿದೆ. ಪ್ರಬಂಧಗಳಿಗೂ ಪ್ರತಿಗಳಂತೆಯೇ ವಂಶಾವಳಿಯಿದೆ.

ಪ್ರತಿಗಳ ವಂಶಾವಳಿಯನ್ನು ಅರಿಯುವುದರಿಂದ ಬರಹದ ಪ್ರಾಮಾಣಿಕತೆ ಹೇಗೆ ರೂಪುಗೊಳ್ಳುತ್ತದೆಂಬುದಕ್ಕೆ 'ಷಟ್‌ಖಂಡಾಗಮ'ದ ಸಂಪಾದನೆಗಿಂತ ಉತ್ತಮವಾದ ಪಾಠವಿಲ್ಲ. ವೀರಸೇನಾಚಾರ್ಯರ ಧವಲಾ ಟೀಕೆಯೊಡನೆ ಆ ಆಗಮದ ಮೊದಲ ಸಂಪುಟವು 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು. ಮುಂದೆ ಅದು 16 ಸಂಪುಟಗಳಲ್ಲಿ ಪೂರ್ಣಗೊಂಡಿತು. ಪ್ರಧಾನ ಸಂಪಾದಕರಾದ ಡಾ. ಹೀರಾಲಾಲ ಜೈನರು ಕಾಲೇಜಿನ ಪ್ರಾಧ್ಯಾಪಕರು. ಅವರ ಸಹಸಂಪಾದಕರಾದ ಪಂ. ಫೂಲಚಂದ್ರ ಸಿದ್ಧಾಂತಶಾಸ್ತ್ರಿಗಳೂ ಪಂ. ಹೀರಾಲಾಲ ಸಿದ್ಧಾಂತಶಾಸ್ತ್ರಿಗಳೂ ಪಾಠಶಾಲೆಯ ಸಂಪ್ರದಾಯದವರು. ಹಳಗನ್ನಡ ಲಿಪಿಯ ತಾಡಪತ್ರಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದವು. ಆರಂಭದಲ್ಲಿ ಸಂಪಾದಕರಿಗೆ ದೊರೆತವು ಆ ಗರಿಗಳಲ್ಲ; ಅಲ್ಲಿಂದ ಹೊರಬಂದ ಪ್ರತಿಲಿಪಿಯ ಪರಂಪರೆಗೆ ಸೇರಿದ ಅಮರಾವತಿ, ಆರಾ, ಕಾರಂಜಾ ಪ್ರತಿಗಳು.

ಇಲ್ಲಿ ಕಲಿಯಬೇಕಾದ ಮೊದಲನೆಯ ವಿಷಯವೆಂದರೆ ಸಾಕ್ಷ್ಯದ ಎಣಿಕೆ. ಮೂರು ಪ್ರತಿಗಳು ಒಂದೇ ಪಾಠವನ್ನು ಕೊಟ್ಟರೆ ಮೂರು ಸಾಕ್ಷಿಗಳು ದೊರೆತಂತೆ ಹೊಸ ವಿದ್ಯಾರ್ಥಿಗೆ ತೋರುತ್ತದೆ. ಮೂರಕ್ಕೂ ಮೂಲ ಒಂದೇ ಆಗಿದ್ದಲ್ಲಿ ದೊರೆತುದು ಒಂದೇ ಸಾಕ್ಷಿ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಐದು ಗ್ರಂಥಗಳನ್ನು ಹೆಸರಿಸಿ, ಐದೂ ಒಂದೇ ಹಳೆಯ ಲೇಖನವನ್ನು ಅವಲಂಬಿಸಿದ್ದರೆ ಅಲ್ಲಿಯೂ ಇದೇ ಲೆಕ್ಕವೇ ಅನ್ವಯಿಸುತ್ತದೆ.

ಎರಡನೆಯದು ಇನ್ನೂ ಗಹನವಾದುದು. ಸತ್ಪ್ರರೂಪಣೆಯ 93ನೆಯ ಸೂತ್ರವು ಪರ್ಯಾಪ್ತ ಮನುಷ್ಯಿನಿಯರಲ್ಲಿ ಯಾವ ಗುಣಸ್ಥಾನಗಳಿವೆಯೆಂಬುದನ್ನು ಹೇಳುತ್ತದೆ. ದೊರೆತ ಪ್ರತಿಗಳಲ್ಲಿ ಸೂತ್ರವು 'ಸಂಜದಾಸಂಜದ' ಎಂಬಲ್ಲಿಯವರೆಗಿನ ಸ್ಥಾನಗಳನ್ನು ಮಾತ್ರ ಎಣಿಸಿತ್ತು. 'ಸಂಜದ' ಎಂಬ ಶಬ್ದ ಅಲ್ಲಿರಲಿಲ್ಲ. ಆದರೆ ವೀರಸೇನಾಚಾರ್ಯರು ಇದೇ ಸೂತ್ರದ ಟೀಕೆಯಲ್ಲಿ, ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಯರಿಗೆ ಮುಕ್ತಿಯು ಸಿದ್ಧವಾಗಲಾರದೆ ಎಂಬ ಶಂಕೆಯನ್ನು ಎತ್ತಿ ಅದನ್ನು ಪರಿಹರಿಸುತ್ತಾರೆ. ಸೂತ್ರದಲ್ಲಿ ಸಂಯತಸ್ಥಾನದ ಉಲ್ಲೇಖವೇ ಇಲ್ಲದಿದ್ದರೆ ಅಂಥ ಶಂಕೆಗೆ ಆಸ್ಪದವೆಲ್ಲಿಯದು? ಟೀಕಾಕಾರರ ಮುಂದೆ ಇದ್ದ ಸೂತ್ರದಲ್ಲಿ ಆ ಶಬ್ದವಿತ್ತೆಂಬುದನ್ನು ಟೀಕೆಯೇ ಸೂಚಿಸುತ್ತದೆ. ಅದು ಬಿಟ್ಟುಹೋದ ಕಾರಣವೂ ದುರ್ಗ್ರಾಹ್ಯವಲ್ಲ. 'ಸಂಜದಾಸಂಜದ' ಎಂಬುದರ ಕೊನೆಯಲ್ಲಿರುವ ಅಕ್ಷರಗಳೇ ಕೂಡಲೇ ಮತ್ತೆ ಬರಬೇಕಾಗಿದ್ದ ಸ್ಥಳವದು. ಅಂಥ ಕಡೆ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ಅಕ್ಷರಲೋಪವಾಗುವುದು ಸರ್ವಸಾಮಾನ್ಯ.

ಸಂಪಾದಕರು ಆ ಶಬ್ದವನ್ನು ಗುಟ್ಟಾಗಿ ಮೂಲದೊಳಕ್ಕೆ ಸೇರಿಸಲಿಲ್ಲ. ಕಂಡ ಕೊರತೆಯನ್ನು ಮರೆಮಾಡಲೂ ಇಲ್ಲ. ಇಲ್ಲಿ 'ಸಂಜದ' ಎಂಬ ಪಾಠವು ಉಳಿದುಹೋಗಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಒಂದು ಸಾಲಿನ ಟಿಪ್ಪಣಿಯಿಂದ ದಿಗಂಬರ ವಿದ್ವತ್‌ಸಮಾಜದಲ್ಲಿ ತೀವ್ರವಾದ ವಾದವು ಹುಟ್ಟಿತು. ಸ್ತ್ರೀಮುಕ್ತಿಯ ನಿಷೇಧಕ್ಕೆ ಇದರಿಂದ ಬಾಧೆಯುಂಟಾಗುವುದೆಂದು ಕೆಲವರು ಶಂಕಿಸಿದರು. ಇಲ್ಲಿನ ಮನುಷ್ಯಿನಿ ಶಬ್ದವು ಭಾವವೇದವನ್ನು ಕುರಿತುದಾದ್ದರಿಂದ ಬಾಧೆಯಿಲ್ಲವೆಂದು ಇತರರು ಸಮಾಧಾನ ಹೇಳಿದರು. ಬಳಿಕ ಮೂಡಬಿದಿರೆಯ ತಾಡಪತ್ರಗಳೊಡನೆ ಹೋಲಿಸಿ ನೋಡಲು ಸಾಧ್ಯವಾದಾಗ ಆ ಶಬ್ದವು ಗರಿಯಲ್ಲಿಯೇ ಇರುವುದು ಕಂಡುಬಂದಿತು. ಸಿದ್ಧಾಂತದ ಅರ್ಥವನ್ನು ಕುರಿತ ವಾದವು ಪಂಡಿತರ ಅಧಿಕಾರಕ್ಕೆ ಸೇರಿದುದು. ಗರಿಯಲ್ಲಿ ಏನಿದೆಯೆಂಬ ಪ್ರಶ್ನೆಗಾದರೋ ಗರಿಯೇ ಉತ್ತರವನ್ನು ಕೊಟ್ಟಿತು. ಸಂಪಾದಕರ ಊಹೆಯು ನಿಜವಾಯಿತೆಂಬುದು ಇಲ್ಲಿ ಮುಖ್ಯವಲ್ಲ. ಊಹೆಯನ್ನು ಊಹೆಯ ಸ್ಥಾನದಲ್ಲಿಯೇ ಇಟ್ಟಿದ್ದರಿಂದ ಅದನ್ನು ಪರೀಕ್ಷಿಸಲು ಸಾಧ್ಯವಾಯಿತು. ಮೂಲದೊಳಕ್ಕೆ ಸದ್ದಿಲ್ಲದೆ ಸೇರಿಸಿದ್ದರೆ ಆ ಶಬ್ದವು ಸಂಪಾದಕರ ಪ್ರಕ್ಷೇಪವೆಂಬ ಅಪವಾದಕ್ಕೆ ಗುರಿಯಾಗುತ್ತಿತ್ತು. ಸೂಚಿಸದೆ ಬಿಟ್ಟಿದ್ದರೆ ಗರಿಯಲ್ಲಿ ಅದನ್ನು ಹುಡುಕುವವರೇ ಇರುತ್ತಿರಲಿಲ್ಲ. ಅಡಿಟಿಪ್ಪಣಿಯ ಪ್ರಯೋಜನವೇನೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಯು ಬರಹದ ಕ್ರಮವನ್ನು ಹೇಳುವ ಯಾವ ಕೈಪಿಡಿಯಲ್ಲಿಯೂ ದೊರೆಯುವುದು ದುರ್ಲಭ.

ಈ ವಿಷಯದಲ್ಲಿ ದೋಷವನ್ನೆಲ್ಲ ವಿಶ್ವವಿದ್ಯಾಲಯದ ಮೇಲೆ ಹೊರಿಸುವುದು ನ್ಯಾಯವಾಗದು. ಪಾಠಶಾಲೆಯ ಪರಂಪರೆಯಲ್ಲಿ ಬೆಳೆದವರಿಗೆ ಗ್ರಂಥವು ಕಂಠಸ್ಥವಾಗಿರುತ್ತದೆ; ಛಂದಸ್ಸು, ವ್ಯಾಕರಣ, ಸಿದ್ಧಾಂತಗಳ ಬಲದಿಂದ ಅಶುದ್ಧಪಾಠವು ಎದುರಾದ ಕ್ಷಣವೇ ಶುದ್ಧರೂಪವು ಹೊಳೆಯುತ್ತದೆ. ಆದರೆ ಹೊಳೆದುದನ್ನು ಹಾಗೆಯೇ ಬರೆದು, ತಿದ್ದಿದ ಗುರುತನ್ನು ಉಳಿಸದೆ, 'ಶುದ್ಧಪ್ರತಿ'ಯೆಂದು ಅಚ್ಚಿಗೆ ಕೊಡುವ ಅಭ್ಯಾಸವು ಅನೇಕ ಹಳೆಯ ಮುದ್ರಣಗಳಲ್ಲಿ ಕಂಡುಬರುತ್ತದೆ. ಅಂಥ ಮುದ್ರಣದಿಂದ ಪ್ರತಿಯ ಪಾಠವೆಷ್ಟು, ಪಂಡಿತರ ಪ್ರತಿಭೆಯೆಷ್ಟು ಎಂಬುದನ್ನು ಬೇರ್ಪಡಿಸುವುದು ಅಸಾಧ್ಯ. ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಪಾಠಾಂತರವನ್ನು ದಾಖಲಿಸುವ ಕ್ರಮ ತಿಳಿದಿದೆ; ಎರಡು ಪಾಠಗಳಲ್ಲಿ ಯಾವುದು ಶಾಸ್ತ್ರಸಮ್ಮತವೆಂಬುದು ತಿಳಿಯದು. ಒಬ್ಬರಿಗೆ ಕಣ್ಣಿದೆ, ಮತ್ತೊಬ್ಬರಿಗೆ ಲೆಕ್ಕವಿದೆ. ಧವಲೆಯ ಸಂಪಾದನೆಯಲ್ಲಿ ಇವೆರಡೂ ಒಂದೆಡೆ ಸೇರಿದ್ದುವು.

ಒಬ್ಬನೇ ವ್ಯಕ್ತಿಯಲ್ಲಿ ಇವೆರಡೂ ಸೇರಿದ್ದುದಕ್ಕೆ ಸದಲಗೆಯವರಾದ ಡಾ. ಉಪಾಧ್ಯೆಯವರೇ ಸಾಕ್ಷಿ. ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಬಹುಕಾಲ ಅರ್ಧಮಾಗಧಿಯನ್ನು ಬೋಧಿಸಿ, 1971ರಿಂದ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ಪೀಠದಲ್ಲಿದ್ದ ಅವರು 1935ರ 'ಪ್ರವಚನಸಾರ', 1937ರ 'ಪರಮಾತ್ಮಪ್ರಕಾಶ' ಮೊದಲಾದ ಸಂಪಾದನೆಗಳಿಗೆ ಬರೆದ ಪ್ರಸ್ತಾವನೆಗಳು ಇಂದಿಗೂ ಸಂಶೋಧನ ಬರಹದ ಮಾದರಿಗಳು. ಪ್ರತಿಗಳ ವರ್ಣನೆ, ಪಾಠದ ಸ್ಥಿತಿ, ಗ್ರಂಥದ ವಿಷಯ, ಕರ್ತೃ ಮತ್ತು ಕಾಲ, ಟೀಕೆಗಳು, ಭಾಷೆ—ಹೀಗೆ ಪ್ರತಿಯೊಂದಕ್ಕೂ ಅಲ್ಲಿ ತಕ್ಕ ಸ್ಥಾನವಿದೆ. ಕನ್ನಡದಲ್ಲಿ ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯು 1964ರಲ್ಲಿ ಪ್ರಕಟವಾದ ಮೇಲೆ ಶಾಸ್ತ್ರದ ಪರಿಭಾಷೆಗೆ ಕೊರತೆಯಿಲ್ಲ. ಕೊರತೆಯಿರುವುದು ಅಭ್ಯಾಸಕ್ಕೆ. ಗ್ರಂಥಪಾತ, ಪ್ರಕ್ಷೇಪ, ಸ್ಖಾಲಿತ್ಯ ಎಂಬ ಶಬ್ದಗಳಿಗೆ ಪರೀಕ್ಷೆಯಲ್ಲಿ ಲಕ್ಷಣವನ್ನು ಬರೆದು ಹೆಚ್ಚು ಅಂಕಗಳನ್ನು ಪಡೆದವನು ಒಂದು ಗರಿಯನ್ನೂ ಓದದೆ ಪದವಿಯನ್ನು ಪಡೆಯಬಹುದಾದರೆ, ಅದು ಈಜಿನ ಲಕ್ಷಣವನ್ನು ದಡದಲ್ಲಿ ಕುಳಿತು ಬರೆದಂತೆಯೇ ಸರಿ.

ಪರಿಹಾರಕ್ಕೆ ಹೊಸ ನಿಯಮವಾಗಲಿ ಹೆಚ್ಚಿನ ಧನವಾಗಲಿ ಬೇಕಿಲ್ಲ. ಈಗಿರುವ 12 ಕ್ರೆಡಿಟ್‌ಗಳ ಒಳಗೇ ಅವಕಾಶವಿದೆ. ಪ್ರಾಚೀನ ಸಾಹಿತ್ಯವನ್ನು ವಿಷಯವಾಗಿ ಆರಿಸಿಕೊಂಡ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಚಿಕ್ಕ ಸ್ತೋತ್ರವನ್ನೋ ಪ್ರಶಸ್ತಿಯನ್ನೋ ಓಲೆಯಿಂದ ಅಥವಾ ಅದರ ಛಾಯಾಪ್ರತಿಯಿಂದ ಸ್ವಹಸ್ತದಿಂದ ಲಿಪ್ಯಂತರಿಸಬೇಕು. ಹ್ರಸ್ವ ದೀರ್ಘ ಎಕಾರ ಒಕಾರಗಳಿಗೆ ಹಳೆಯ ಬರಹದಲ್ಲಿ ಭೇದವಿಲ್ಲದಿರುವುದು, ಅಲ್ಪಪ್ರಾಣ ಮಹಾಪ್ರಾಣಗಳು ಪಲ್ಲಟವಾಗುವುದು, ಱಕಾರ ೞಕಾರಗಳ ಸ್ಥಾನದಲ್ಲಿ ರಕಾರ ಳಕಾರಗಳು ಬರುವುದು—ಇವು ಆಗ ಪುಸ್ತಕದ ಮಾತಾಗಿ ಉಳಿಯದೆ ಅನುಭವವಾಗುತ್ತವೆ. ಅದೇ ಕೃತಿಯ ಮತ್ತೊಂದು ಪ್ರತಿಯೊಡನೆ ಹೋಲಿಸಿ, ಕಂಡುದು, ತಿದ್ದಿದುದು, ಊಹಿಸಿದುದು—ಈ ಮೂರನ್ನು ಬೇರೆ ಬೇರೆಯಾಗಿ ತೋರಿಸುವ ನಾಲ್ಕು ಪುಟಗಳ ಟಿಪ್ಪಣಿಯನ್ನು ಬರೆಯಬೇಕು. ಆ ಟಿಪ್ಪಣಿಯನ್ನು ಮಾರ್ಗದರ್ಶಕರೊಡನೆ ಶಾಸ್ತ್ರಜ್ಞರಾದ ಒಬ್ಬ ಪಂಡಿತರೂ ಪರೀಕ್ಷಿಸಬೇಕು. ಪಂ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಕನ್ನಡ ಪ್ರಾಂತದ ತಾಡಪತ್ರಗಳ ಗ್ರಂಥಸೂಚಿಯೊಂದನ್ನೇ ಮುಂದಿಟ್ಟುಕೊಂಡರೂ ಇಂಥ ಅಭ್ಯಾಸಕ್ಕೆ ತಕ್ಕ ಚಿಕ್ಕ ಕೃತಿಗಳು ಎಷ್ಟೋ ದೊರೆಯುತ್ತವೆ. ಭಂಡಾರಗಳವರೂ ಪಾಠಶಾಲೆಗಳವರೂ ಇಂಥ ವಿದ್ಯಾರ್ಥಿಯನ್ನು ಪರಕೀಯನೆಂದು ಭಾವಿಸದೆ ಬರಮಾಡಿಕೊಳ್ಳುವುದು ಅಷ್ಟೇ ಅವಶ್ಯಕ. ಹಳೆಯ ಲಿಪಿಯನ್ನು ಸರಾಗವಾಗಿ ಓದಬಲ್ಲವರು ವಿರಳರಾಗುತ್ತಿರುವಾಗ, ಗರಿಗಳನ್ನು ಭದ್ರವಾಗಿ ಕಟ್ಟಿಟ್ಟರೂ ಓದುವವರಿಲ್ಲದಿದ್ದರೆ ಜಿನವಾಣಿಯ ರಕ್ಷಣೆಯು ಅರ್ಧದಷ್ಟೇ ಆದಂತಾಗುವುದು.

ಪಿಎಚ್.ಡಿ. ಪ್ರಬಂಧದ ಮೊದಲಲ್ಲಿ, ಇದು ತನ್ನ ಸ್ವಂತ ಕಾರ್ಯವೆಂದು ವಿದ್ಯಾರ್ಥಿಯು ಸಹಿ ಹಾಕಿದ ಘೋಷಣೆಯೊಂದಿರುತ್ತದೆ. ಓಲೆಯ ಕೊನೆಯಲ್ಲಿಯೂ ಲಿಪಿಕಾರನ ಘೋಷಣೆಯೊಂದಿರುವುದುಂಟು: ಕಂಡಂತೆ ಬರೆದಿರುವೆನು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಮೊದಲನೆಯದು ಸ್ವಾಮ್ಯವನ್ನು ಹೇಳುತ್ತದೆ. ಎರಡನೆಯದು ಕಂಡುದಕ್ಕೆ ನಿಷ್ಠೆಯನ್ನೂ ತಪ್ಪಿನ ಸಾಧ್ಯತೆಯನ್ನೂ ಒಪ್ಪಿಕೊಳ್ಳುತ್ತದೆ. ಸಂಶೋಧನ ಬರಹವನ್ನು ಕಲಿಸುವವರು ಮೊದಲನೆಯದನ್ನು ವಿಧಿಸಿರುವುದು ಯುಕ್ತವೇ ಆಗಿದೆ. ಎರಡನೆಯದನ್ನು ಕಲಿಸದೆ ಆ ಶಿಕ್ಷಣವು ಪೂರ್ಣವಾಗಲಾರದು.