ಖಾಲಿ ಓಮ್ನಿ ಓಡಿಸಿ ತೀರ್ಪು ಕೊಡಬೇಡಿ

ಭರತ ಹುಣ್ಣಿಮೆ ಹತ್ತಿರ ಬಂತು. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಮನೆಗಳಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರೆಗೆ ಗಾಡಿ ಹೊಂದಿಸುವ ಮಾತು ಶುರುವಾಗಿದೆ.

ಆ ಗಾಡಿ ಓಮ್ನಿ ಎಂದರೆ ಮೂಗು ಮುರಿಯುವವರಿದ್ದಾರೆ. ಸೊನ್ನೆಯಿಂದ ನೂರು ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಎಂದು ಎಣಿಸುವ ಅವರ ಜೊತೆ ನನ್ನ ಜಗಳ ಹಳೆಯದು. ಅವರಿಗೆ ಎಂ.ಜಿ.ಬಿ. ಎಂದರೆ ಕಾರು, ಮಾರುತಿ ಓಮ್ನಿ ಎಂದರೆ ಡಬ್ಬಿ. ಎರಡನ್ನೂ ಜಾಕ್ ಏರಿಸಿ ಕೆಳಗೆ ನೋಡಲಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಎಂ.ಜಿ.ಬಿ.ಯದು 1798 ಸಿ.ಸಿ. ಎಂಜಿನ್. 1984ರಲ್ಲಿ ಬಂದು 2019ರಲ್ಲಿ ನಿಂತ ನಮ್ಮ ವ್ಯಾನಿನದು 796. ವ್ಯತ್ಯಾಸ ದೊಡ್ಡದೇ. ಆದರೆ ಎರಡನ್ನೂ ದೂಡುವುದು ಹಿಂದಿನ ಗಾಲಿ, ಆ ಗಾಲಿಗಳ ನಡುವೆ ಇರುವುದು ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಭಾರ ಹೊರುವುದು ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಎಂ.ಜಿ.ಬಿ.ಯ ಪಾಟಾ ಇಬ್ಬರ ತೂಕಕ್ಕೆ ಲೆಕ್ಕ ಹಾಕಿದ್ದು. ಓಮ್ನಿಯದು ತುಂಬಿದ ಮನೆಗೆ. ಒಬ್ಬನೇ ಕೂತು ಓಡಿಸಿ "ಜಿಗಿಯುತ್ತದೆ" ಎಂದರೆ ಜಿಗಿಯದೆ ಏನು ಮಾಡೀತು?

ಗಾಡಿಯ ನಡೆ ಭಾರದ ಮೇಲೆ ನಿಂತಿದೆ ಎಂಬುದನ್ನು ನಮ್ಮ ಕಡೆಯ ಚಕ್ಕಡಿ ಹೊಡೆಯುವವರಿಗೆ ಹೇಳಿಕೊಡಬೇಕಿಲ್ಲ. ಹತ್ತಿಯ ಅಂಡಿಗೆ ಹೇರುವಾಗ ಹಿರಿಯರೊಬ್ಬರು ದೂರದಿಂದಲೇ ಕೂಗುತ್ತಿದ್ದರು: "ತಮ್ಮಾ, ಹಿಂದ ಭಾರ ಆತು, ಒಂದೀಟು ಮುಂದ ಸರಸು." ಹಿಂದೆ ಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಹೆಗಲು ಕೆತ್ತುತ್ತದೆ. ಒಳ್ಳೆಯ ಸ್ಪೋರ್ಟ್ಸ್ ಕಾರಿನ ಗುಟ್ಟೂ ಇದೇ. ಎಂ.ಜಿ.ಬಿ.ಯ ತೂಕ ಮುಂದಿನ, ಹಿಂದಿನ ಗಾಲಿಗಳಿಗೆ ಹೆಚ್ಚುಕಡಿಮೆ ಸಮ ಹಂಚಿದೆ. ಚಾಲಕ ಹಿಂದಿನ ಗಾಲಿಗಳ ಹತ್ತಿರವೇ ಕೂರುವುದರಿಂದ ಅವು ಜಾರತೊಡಗಿದ್ದು ಅವನ ಸೊಂಟಕ್ಕೆ ಮೊದಲು ತಿಳಿಯುತ್ತದೆ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೆ, ಚಾಲಕ ಮುಂದಿನ ಗಾಲಿಗಳ ಮೇಲೆ. ತಿರುವಿನಲ್ಲಿ ಮೊದಲು ಅವನು ತಿರುಗುತ್ತಾನೆ, ಮಂದಿ ತುಂಬಿದ ಗಾಡಿ ಹಿಂದಿನಿಂದ ಬರುತ್ತದೆ. ರಸ್ತೆ ಕೈಗೆ ನೇರ ತಿಳಿಯುವ ಈ ಸುಖವನ್ನು ಈಗಿನ ಎತ್ತರದ ಎಸ್‌ಯುವಿಗಳು ಕೊಡುವುದಿಲ್ಲ. ಆ ಷೋಕಿ ನನಗೆ ಹಿಡಿಸಿಲ್ಲ, ಹಿಡಿಸುವುದೂ ಇಲ್ಲ.

ಕಿತ್ತೂರಿನ ಹೆದ್ದಾರಿಯಲ್ಲಿ ಯಾವ ಗಾಡಿಯಾದರೂ ಓಡೀತು. ಪರೀಕ್ಷೆ ಇರುವುದು ಎರೆ ಸೀಮೆಯ ಒಳದಾರಿಗಳಲ್ಲಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಅಲ್ಲಿ ನೆಲಕ್ಕಂಟಿದ ಎಂ.ಜಿ.ಬಿ. ಹೊಟ್ಟೆ ಉಜ್ಜಿಕೊಳ್ಳುತ್ತದೆ, ತುಂಬಿದ ಓಮ್ನಿ ಪಾಟಾದ ಮೇಲೆ ಕೂತು ನೆಮ್ಮದಿಯಾಗಿ ಹೋಗುತ್ತದೆ.

ಗುಡ್ಡಕ್ಕೆ ಹೊರಟವರು ಅಡಿಗೆ ಪಾತ್ರೆ, ನೀರಿನ ಕ್ಯಾನು, ಹಿಟ್ಟಿನ ಚೀಲವನ್ನು ಹಿಂಬಾಗಿಲಿಗೆ ಒತ್ತಬೇಡಿ; ನಡುವಿನ ಸೀಟಿನ ಕಾಲಡಿಯಲ್ಲಿಡಿ. ಹಿಂದಿನ ಟೈರಿನ ಗಾಳಿಯನ್ನು ತುಂಬಿದ ಗಾಡಿಯ ಲೆಕ್ಕಕ್ಕೆ ಹಾಕಿಸಿ. ಗುಡ್ಡ ಇಳಿಯುವಾಗ ದಾರಿಯಲ್ಲಿ ಸಿಗುವ ಜೋಗುಳಬಾವಿ ದಾಟುವ ತನಕ ಎರಡನೇ ಗೇರು ಬಿಡಬೇಡಿ.